ಪರದೇಶಕ್ಕೆ ಹೊರಡುವ ಮುನ್ನ ದಿನಗಳ ಲೆಕ್ಕ

(ನಮ್ಮ ಉಚಿತ ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ನಮ್ಮ ಹಿರಿಯರು ಊರು ಬಿಟ್ಟು ಮುಂಬಯಿಗೆ ಬಂದಾಗ ಅವರ ಮುಂದಿದ್ದ ಪ್ರಶ್ನೆಗಳು ಎರಡೇ: ಉಣ್ಣುವುದೆಲ್ಲಿ, ಮಲಗುವುದೆಲ್ಲಿ? ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಕಲಿತು ಎಷ್ಟೋ ಮಂದಿ ಗುಮಾಸ್ತರಾದರು. 1970ರ ದಶಕದಲ್ಲಿ ಕೊಲ್ಲಿ ದೇಶಗಳಿಗೆ ತೈಲದ ಹಣ ಹರಿದ ಮೇಲೆ ನಮ್ಮವರ ದಾರಿ ಇಲ್ಲಿಂದ ದುಬೈ, ಮಸ್ಕತ್, ದೋಹಾಗಳವರೆಗೂ ಬೆಳೆಯಿತು. ಈಗ ಹೊರಟು ನಿಂತವರು ನಮ್ಮಲ್ಲಿಗೆ ಬಂದು ಕೇಳುವುದು ಮೂರನೆಯ ಪ್ರಶ್ನೆ: “ಅಲ್ಲಿ ಸಂಬಳಕ್ಕೆ ತೆರಿಗೆ ಇಲ್ಲವಂತೆ. ಹಾಗಾದರೆ ಇಲ್ಲಿ ಕೊಡಬೇಕೇ?”

ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು ಯಾರೂ ನಗಬೇಡಿ. ಈ ಪ್ರಶ್ನೆಯನ್ನು ಟಿಕೇಟು ಕೊಳ್ಳುವ ಮೊದಲೇ ಕೇಳಬೇಕು. ಏಕೆಂದರೆ ಉತ್ತರವು ಮುಖ್ಯವಾಗಿ ನಾವು ಭಾರತದಲ್ಲಿ ಕಳೆಯುವ ದಿನಗಳ ಮೇಲೆ ನಿಂತಿದೆ.

ತೆರಿಗೆಯ ವರ್ಷ ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ. ನೌಕರಿಗಾಗಿ ಪರದೇಶಕ್ಕೆ ಹೊರಡುವ ಭಾರತೀಯ ಪ್ರಜೆಯು ಆ ವರ್ಷದಲ್ಲಿ 182 ದಿನ ಅಥವಾ ಹೆಚ್ಚು ಇಲ್ಲಿದ್ದರೆ ನಿವಾಸಿ, ಕಡಿಮೆಯಿದ್ದರೆ ಅನಿವಾಸಿ. ನಿವಾಸಿಯಾದವನ ಪರದೇಶದ ಸಂಬಳವೂ ಇಲ್ಲಿನ ಲೆಕ್ಕಕ್ಕೆ ಸೇರುತ್ತದೆ. ಅಲ್ಲಿನ ಬ್ಯಾಂಕು ಖಾತೆಯನ್ನೂ ರಿಟರ್ನಿನಲ್ಲಿ ತೋರಿಸಬೇಕು. 1961ರ ಕಾಯಿದೆಯ ಸ್ಥಾನಕ್ಕೆ 2026ರ ಏಪ್ರಿಲ್ 1ರಿಂದ 2025ರ ಕಾಯಿದೆ ಬಂದರೂ ಈ 182 ದಿನಗಳ ಲೆಕ್ಕ ಹಾಗೆಯೇ ಉಳಿದಿದೆ.

ಒಂದು ಉದಾಹರಣೆ ನೋಡೋಣ. ಡೊಂಬಿವಲಿಯ ಇಬ್ಬರು ಗೆಳೆಯರಿಗೆ ಮಸ್ಕತ್ತಿನಲ್ಲಿ ಒಂದೇ ಕಡೆ, ಒಂದೇ ಸಂಬಳದ ಕೆಲಸ ಸಿಕ್ಕಿತೆನ್ನಿ. ಮೊದಲನೆಯವನು ಸೆಪ್ಟೆಂಬರ್ 20ರಂದು ವಿಮಾನ ಹತ್ತಿದ. ಏಪ್ರಿಲಿನಿಂದ ಎಣಿಸಿದರೆ ಅವನು ಇಲ್ಲಿದ್ದದ್ದು 173 ದಿನ. ಎರಡನೆಯವನು ದಸರೆಯ ನೆಪದಲ್ಲಿ ಅಕ್ಟೋಬರ್ 5ರವರೆಗೆ ನಿಂತ. ಅವನದು 188 ದಿನ. ಹದಿನೈದು ದಿನಗಳ ಅಂತರದಲ್ಲಿ ಒಬ್ಬ ಅನಿವಾಸಿ, ಇನ್ನೊಬ್ಬ ನಿವಾಸಿ!

ಕಥೆ ಇಲ್ಲಿಗೇ ಮುಗಿಯದು. ಮೊದಲನೆಯವನು ಮಾರ್ಚಿನಲ್ಲಿ ತಂಗಿಯ ನಿಶ್ಚಿತಾರ್ಥಕ್ಕೆಂದು ಹತ್ತು ದಿನ ಬಂದುಹೋದ. 173ಕ್ಕೆ ಹತ್ತು ಕೂಡಿಸಿದರೆ 183. ಅವನೂ ನಿವಾಸಿಯಾದ! ತಂಗಿಯ ನಿಶ್ಚಿತಾರ್ಥಕ್ಕೆ ಬರಬಾರದೆಂದು ನಾವು ಹೇಳುವುದಿಲ್ಲ. ಎಣಿಸಿ ಬರಬೇಕೆಂದು ಹೇಳುತ್ತೇವೆ. ಬಂದ ದಿನ, ಹೋದ ದಿನ ಎರಡನ್ನೂ ಎಣಿಕೆಗೆ ಹಿಡಿಯುವುದೇ ಕ್ಷೇಮ. ವಿದೇಶಯಾನದ ಹಡಗಿನಲ್ಲಿ ದುಡಿಯುವವರ ಎಣಿಕೆ ಬೇರೆ, ಅವರಿಗೆ ಸಿ.ಡಿ.ಸಿ. ಪುಸ್ತಕದಲ್ಲಿ ಬರೆದ ತಾರೀಖುಗಳೇ ಆಧಾರ.

ಇನ್ನು ವದಂತಿಯ ಮಾತು. 2020ರ ಫೆಬ್ರವರಿ 1ರ ಮುಂಗಡಪತ್ರ ಹೊರಬಿದ್ದಾಗ, ಕೊಲ್ಲಿಯ ಸಂಬಳಕ್ಕೆಲ್ಲ ತೆರಿಗೆ ಬಿತ್ತೆಂದು ಗುಲ್ಲೆದ್ದಿತು. ಮರುದಿನವೇ ಸರಕಾರ, ಅಲ್ಲಿ ಪ್ರಾಮಾಣಿಕವಾಗಿ ದುಡಿಯುವವರಿಗೆ ಇದು ತಗಲದೆಂದು ಸ್ಪಷ್ಟಪಡಿಸಿತು. ಮಾರ್ಚಿನಲ್ಲಿ ಒಪ್ಪಿಗೆಯಾದ ಕಾಯಿದೆಯಲ್ಲಿ 15 ಲಕ್ಷ ರೂಪಾಯಿಯ ಮಿತಿ ಬಂತು. ಬಾಡಿಗೆ, ಬಡ್ಡಿ ಮುಂತಾದ ಇಲ್ಲಿನ ವರಮಾನ ಆ ಮಿತಿಯನ್ನು ಮೀರಿದವರು ರಜೆಗೆ ಬಂದಾಗ 120 ದಿನಕ್ಕೇ ಎಚ್ಚರ ವಹಿಸಬೇಕು. ಮೀರದವರಿಗೆ ಹಳೆಯ 182 ದಿನವೇ ಸರಿ. ಕೊಲ್ಲಿಯಲ್ಲಿ ಗಳಿಸಿದ ಸಂಬಳ ಈ 15 ಲಕ್ಷದ ಎಣಿಕೆಗೆ ಸೇರದು. ಪರದೇಶಗಳ ಕಾಯಿದೆಯೂ ನಿಂತ ನೀರಲ್ಲ: ಒಮಾನಿನಲ್ಲಿ 42,000 ರಿಯಾಲಿಗೆ ಮೀರಿದ ವಾರ್ಷಿಕ ವರಮಾನಕ್ಕೆ 2028ರಿಂದ ಶೇಕಡಾ 5ರ ತೆರಿಗೆಯೆಂದು 2025ರಲ್ಲಿ ಶಾಸನವಾಗಿದೆ.

ಅನಿವಾಸಿಯಾದರೆ ಎಲ್ಲವೂ ಲಾಭವೆಂದೂ ತಿಳಿಯಬಾರದು. ಇಲ್ಲಿನ ಮನೆಯ ಬಾಡಿಗೆಗೆ ಇಲ್ಲಿಯೇ ತೆರಿಗೆ. ಅನಿವಾಸಿಗೆ ಬಾಡಿಗೆ ಕೊಡುವವನು ತೆರಿಗೆ ಮುರಿದುಕೊಂಡೇ ಕೊಡಬೇಕು. 2025–26ರಲ್ಲಿ ಹೊಸ ಪದ್ಧತಿಯಂತೆ 12 ಲಕ್ಷದವರೆಗೆ ಸಿಕ್ಕ ತೆರಿಗೆ ರಿಯಾಯಿತಿ ನಿವಾಸಿಗಳಿಗೆ ಮಾತ್ರ. ಹೊರಟ ಮೇಲೆ ಬ್ಯಾಂಕಿಗೆ ತಿಳಿಸಿ ಉಳಿತಾಯ ಖಾತೆಯನ್ನು ಎನ್.ಆರ್.ಓ. ಖಾತೆಯಾಗಿ ಬದಲಿಸಿಕೊಳ್ಳಬೇಕು, ಅಲ್ಲಿಂದ ಕಳಿಸುವ ಹಣಕ್ಕೆ ಎನ್.ಆರ್.ಇ. ಖಾತೆ ತೆರೆಯಬಹುದು.

ಕೊನೆಗೆ ಮೂರು ಕೆಲಸ. ನೌಕರಿಯ ಕರಾರುಪತ್ರ, ಟಿಕೇಟು, ಬೋರ್ಡಿಂಗ್ ಪಾಸು, ಮೊಹರು ಬಿದ್ದ ಪಾಸ್‌ಪೋರ್ಟಿನ ಪುಟಗಳ ಪ್ರತಿ, ಇವನ್ನು ಒಂದು ಲಕೋಟೆಯಲ್ಲಿ ಕಟ್ಟಿಡಿ. ಬಂದುಹೋದ ತಾರೀಖುಗಳನ್ನು ಒಂದು ನೋಟುಬುಕ್ಕಿನಲ್ಲಿ ಬರೆದಿಡಿ. ಸಂಶಯವಿದ್ದರೆ ಸೇರುವ ತಾರೀಖು ಗೊತ್ತುಮಾಡುವ ಮೊದಲೇ ಬಲ್ಲ ಲೆಕ್ಕಿಗರನ್ನು ಕಾಣಿರಿ. ತಾರೀಖು ಯಾವಾಗಲೂ ನಮ್ಮ ಕೈಯಲ್ಲಿರುವುದಿಲ್ಲ. ಆದರೆ ಒಂದು ವಾರ ಮುಂಚೆ ಬರುತ್ತೇನೆಂದರೆ ಬೇಡವೆನ್ನುವ ಧಣಿಗಳು ಕಡಿಮೆ.

ಬೆವರು ಸುರಿಸಿ ಗಳಿಸಿದ ಹಣ ಊರಿನ ಮನೆಗೆ ಹಂಚಾಗಬೇಕು, ಮಕ್ಕಳಿಗೆ ಶಾಲೆಯ ಫೀಜಾಗಬೇಕು. ಎಣಿಕೆ ತಪ್ಪಿದ್ದರಿಂದ ಅದು ದಂಡವಾಗಿ ಹೋಗದಿರಲಿ. ಹೊರಡುವವರಿಗೆಲ್ಲ ನಮ್ಮ ಶುಭಾಶಯ.