ಚೌಕಟ್ಟಿನ ಛಂದಸ್ಸು

ಕಂದಪದ್ಯ ಬರೆಯಹೊರಟ ಕವಿಗೆ ಅಳತೆ ಮೊದಲೇ ಗೊತ್ತಿರುತ್ತದೆ. ಒಂದು, ಮೂರನೆಯ ಪಾದಗಳಿಗೆ ನಾಲ್ಕು ಮಾತ್ರೆಯ ಮೂರು ಗಣ. ಎರಡು, ನಾಲ್ಕನೆಯವಕ್ಕೆ ಐದು ಗಣ. ಒಟ್ಟು 64 ಮಾತ್ರೆ. ಹೇಳಬೇಕಾದುದೆಲ್ಲ ಆ ಮಿತಿಯೊಳಗೇ ಅಡಗಬೇಕು. ಛಾಯಾಚಿತ್ರಕಾರನಿಗೂ ಇಂಥದೊಂದು ಛಂದಸ್ಸುಂಟು. ಅದು ಚಿತ್ರದ ಅಗಲಕ್ಕೂ ಎತ್ತರಕ್ಕೂ ಇರುವ ಪ್ರಮಾಣ.

ಈ ಪ್ರಮಾಣವನ್ನು ಬಹುಮಟ್ಟಿಗೆ ಗೊತ್ತುಮಾಡಿದ್ದು ಯಂತ್ರವೇ. 1925ರಲ್ಲಿ ಮಾರುಕಟ್ಟೆಗೆ ಬಂದ ಲೈಕಾ ಕ್ಯಾಮೆರಾ, ಸಿನಿಮಾ ಫಿಲ್ಮಿನ ಸುರುಳಿಯನ್ನು ಅಡ್ಡಲಾಗಿ ಓಡಿಸಿ, ಎರಡು ಸಿನಿಮಾ ಚಿತ್ರಗಳ ಜಾಗದಲ್ಲಿ ಒಂದನ್ನು ತೆಗೆಯಿತು: 36 ಮಿಲಿಮೀಟರ್ ಅಗಲ, 24 ಎತ್ತರ; ಅಂದರೆ ಮೂರಕ್ಕೆ ಎರಡು. 1929ರ ರೋಲಿಫ್ಲೆಕ್ಸ್ ಚೌಕವನ್ನು ಆರಿಸಿಕೊಂಡಿತು. ಇಂದಿನ ಮೊಬೈಲು ಫೋನುಗಳದು ಸಾಮಾನ್ಯವಾಗಿ ನಾಲ್ಕಕ್ಕೆ ಮೂರು.

ಅಳತೆ ಬದಲಾದರೆ ನೋಟವೂ ಬದಲಾಗುತ್ತದೆ. ನಮ್ಮ ಸೇಡಂ ಸೀಮೆಯ ಕೋಡ್ಲಾದ ಸುತ್ತಿನ ನೆಲವನ್ನೇ ನೋಡಿ. ತೊಗರಿಯ ಹೊಲಗಳು ದಿಗಂತದವರೆಗೆ ಹಾಸಿಕೊಂಡಿವೆ. ಈ ಸೀಮೆಯ ಕಲ್ಲುಗಣಿಗಳಲ್ಲಿ ಹಾಸುಗಲ್ಲು ಪದರ ಪದರವಾಗಿ ಅಡ್ಡಲಾಗಿಯೇ ಮಲಗಿದೆ. ಈ ನೆಲದ ಲಯ ಅಗಲದ ಲಯ. ಮೂರಕ್ಕೆ ಎರಡರ ಚೌಕಟ್ಟಿನಲ್ಲಿ ಕಣ್ಣು ಒಂದು ಅಂಚಿನಿಂದ ಇನ್ನೊಂದಕ್ಕೆ ನಡೆಯುತ್ತದೆ. ನಡೆಯಲು ಅದಕ್ಕೆ ದಾರಿಯುಂಟು. ಅದೇ ಹೊಲವನ್ನು ಚೌಕದಲ್ಲಿಟ್ಟರೆ ಕಣ್ಣು ನಡೆಯುವುದಿಲ್ಲ, ನಡುವೆ ಕುಳಿತುಕೊಳ್ಳುತ್ತದೆ. ಒಂಟಿ ಬೇವಿನ ಮರಕ್ಕೆ, ಒಂದು ಮುಖಕ್ಕೆ ಅದು ಒಪ್ಪುತ್ತದೆ. ಫೋನನ್ನು ನೆಟ್ಟಗೆ ಹಿಡಿದರೆ ಬಯಲು ಕಿರಿದಾಗಿ, ಆಕಾಶ ಬೆಳೆದು, ಹೊಲದಲ್ಲಿ ನಿಂತ ಮನುಷ್ಯನಿಗೆ ಎತ್ತರ ಬರುತ್ತದೆ. ಕಾಗಿಣಾ ತೀರದ ಮಳಖೇಡದ ಕೋಟೆಯೂ ಹೀಗೆಯೇ: ಅಡ್ಡ ಚೌಕಟ್ಟಿನಲ್ಲಿ ಹೊಳೆಯೊಡನೆ ಸಾಗುವ ಗೋಡೆ, ನಿಡಿದಾದುದರಲ್ಲಿ ಒಂದೇ ಕೊತ್ತಳ. ಇವುಗಳಲ್ಲಿ ಯಾವುದೂ ಸುಳ್ಳಲ್ಲ. ಆದರೆ ಒಂದೊಂದೂ ಬೇರೆ ಅರ್ಥ.

ಇದು ಸೌಂದರ್ಯದ ಮಾತಷ್ಟೇ ಆಗಿದ್ದರೆ ಇಷ್ಟು ಹೇಳಬೇಕಿರಲಿಲ್ಲ. ಮೂರಕ್ಕೆ ಎರಡರ ನೆಗೆಟಿವ್ 6 ಅಂಗುಲಕ್ಕೆ 4ರ ಕಾಗದದ ಮೇಲೆ ಸಂಪೂರ್ಣವಾಗಿ ಕೂರುತ್ತದೆ. ಗೋಡೆಗೆ ಹಾಕಲೆಂದು 10ಕ್ಕೆ 8ರ ಕಾಗದ ತುಂಬುವಂತೆ ಹಿಗ್ಗಿಸಿದರೆ ಕೂರುವುದಿಲ್ಲ. ಎತ್ತರ 8 ಅಂಗುಲವಾದಾಗ ಅಗಲ 12 ಬೇಕು; ಎರಡು ಅಂಗುಲ ಕತ್ತರಿಯ ಪಾಲು. ಚಿತ್ರದ ಆರನೆಯ ಒಂದು ಭಾಗ ಹೋಯಿತು. ನಮ್ಮ ಮನೆತನಗಳ ಗುಂಪು ಚಿತ್ರಗಳನ್ನು ನೆನೆಯಿರಿ. ನಡುವೆ ಕುರ್ಚಿಯಲ್ಲಿ ಹಿರಿಯರು. ಅಂಚಿನಲ್ಲಿ ಯಾರು? ಹೊಸದಾಗಿ ಬಂದ ಸೊಸೆ, ಕೂಸನ್ನೆತ್ತಿಕೊಂಡ ಹುಡುಗಿ, ಮನೆಯ ಆಳುಮಗ. ಕತ್ತರಿಗೆ ಪಕ್ಷಪಾತವಿಲ್ಲ, ಆದರೆ ಅಂಚಿಗೆ ಯಾರನ್ನು ನಿಲ್ಲಿಸಬೇಕೆಂದು ಸಮಾಜ ಮೊದಲೇ ತೀರ್ಮಾನಿಸಿರುತ್ತದೆ. ಹಲವರ ಬದುಕಿನ ಏಕೈಕ ಚಿತ್ರವೇ ಅದಾಗಿದ್ದರೆ, ಆ ಎರಡು ಅಂಗುಲದ ಬೆಲೆಯೇನು?

ಪ್ರಾಸ ಕೂಡಿಸಲು ಅರ್ಥವನ್ನು ಬಲಿಗೊಡುವವನನ್ನು ನಾವು ಒಳ್ಳೆಯ ಕವಿಯೆನ್ನುವುದಿಲ್ಲ. ಕಾಗದ ತುಂಬಲೆಂದು ಮನುಷ್ಯರನ್ನು ಬಿಡುವುದೂ ಅಂಥದೇ. ಮೇಲೆ ಕೆಳಗೆ ಬಿಳಿಯ ಅಂಚು ಉಳಿದರೆ ಉಳಿಯಲಿ. ಗುಂಡಿಯೊತ್ತುವ ಮುನ್ನ ನಡುವಿನವರನ್ನು ನೋಡುವುದು ಎಲ್ಲರಿಗೂ ಬರುತ್ತದೆ. ನಾಲ್ಕು ಅಂಚುಗಳನ್ನು ನೋಡುವ ಅಭ್ಯಾಸವನ್ನು ಮಾತ್ರ ನಾವು ಕಲಿಯಬೇಕು.