ಕಾಣದ ಬೆಳಕು, ಕಾಣಬೇಕಾದ ರೋಗ

(ಶತಮಾನೋತ್ಸವದ ಅಂಗವಾಗಿ ನಡೆದ ಮಹಿಳಾ ಸಂಘದ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ ಸ್ತ್ರೀಯೊಬ್ಬಳು ಜನಜಂಗುಳಿಯ ನಡುವೆ ಹಿಂದಿನಿಂದ ಬಂದು ಪ್ರಭುವಿನ ಉಡುಪನ್ನು ಮುಟ್ಟಿದ ಪ್ರಸಂಗವನ್ನು ಸಂತ ಮಾರ್ಕರ ಶುಭಸಂದೇಶದಲ್ಲಿ ನಾವೆಲ್ಲರೂ ಕೇಳಿದ್ದೇವೆ. ಅಂಜುತ್ತಾ ಮರೆಯಲ್ಲಿ ಬಂದ ಆಕೆಯನ್ನು ಪ್ರಭು ಗದರಿಸಲಿಲ್ಲ. ಮಗಳೆಂದು ಕರೆದು ಸಮಾಧಾನದಿಂದ ಕಳುಹಿಸಿದರು. ಇಂದು ನಾವು ಆಡಬೇಕೆಂದಿರುವ ಮಾತೂ ಮರೆಮಾಚಿದ ನೋವನ್ನು ಕುರಿತದ್ದೇ.

ನಮ್ಮ ಬೆಂಗಳೂರಿನ ಸ್ತ್ರೀಯರಲ್ಲಿ ಅತಿ ಹೆಚ್ಚಾಗಿ ಕಂಡುಬರುವ ಅರ್ಬುದರೋಗ ಸ್ತನ ಕ್ಯಾನ್ಸರ್. ಆರಂಭದಲ್ಲಿ ಇದರ ಗಂಟು ಸಾಮಾನ್ಯವಾಗಿ ನೋಯುವುದಿಲ್ಲ. ನೋವಿಲ್ಲವೆಂದು ಸುಮ್ಮನಿರುವವರುಂಟು, ಹೇಳಿಕೊಳ್ಳಲು ನಾಚಿ ಸುಮ್ಮನಿರುವವರು ಇನ್ನೂ ಹೆಚ್ಚು. ಎಲ್ಲರಿಗೂ ಬಡಿಸಿ ಕಡೆಗೆ ಉಣ್ಣುವ ಮನೆಯೊಡತಿ, ತನ್ನ ಕಾಯಿಲೆಯನ್ನೂ ಕಡೆಗೇ ಇಡುತ್ತಾಳೆ.

ಈ ಸಂಕೋಚವನ್ನು ಅರಿತು ಸಾಧನವೊಂದನ್ನು ರೂಪಿಸಿದವರು ನಮ್ಮ ನಗರದಲ್ಲೇ ಇದ್ದಾರೆ. ಗಣಕ ವಿಜ್ಞಾನಿ ಡಾ. ಗೀತಾ ಮಂಜುನಾಥ್ ಅವರು ತಮ್ಮ ಬಂಧುವರ್ಗದಲ್ಲೇ ಈ ರೋಗವನ್ನು ಕಂಡು ನೊಂದವರು. 2016ರಲ್ಲಿ ಅವರು 'ನಿರಾಮಯ್' ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ರೋಗವಿಲ್ಲದ ಸ್ಥಿತಿಯನ್ನು ಸೂಚಿಸುವ ಹೆಸರು ಅದು.

1800ರಲ್ಲಿ ವಿಲಿಯಂ ಹರ್ಷಲ್ ಎಂಬ ಖಗೋಳ ವಿಜ್ಞಾನಿ, ಸೂರ್ಯನ ಬೆಳಕನ್ನು ಪಟ್ಟಕದಿಂದ ಬಣ್ಣಗಳಾಗಿ ಬಿಡಿಸಿ, ಕೆಂಪಿನಾಚೆಗೆ ಉಷ್ಣಮಾಪಕವನ್ನಿಟ್ಟಾಗ ಕಣ್ಣಿಗೆ ಕಾಣದ ಬೆಳಕೊಂದು ಅಲ್ಲಿರುವುದು ತಿಳಿದುಬಂತು. ಅದೇ ಅವಗೆಂಪು ಕಿರಣ. ನಮ್ಮೆಲ್ಲರ ಶರೀರವೂ ಅದನ್ನು ಸದಾ ಹೊರಸೂಸುತ್ತಿರುತ್ತದೆ. ಬೆಳೆಯುವ ಗಂಟು ಹೊಸ ರಕ್ತನಾಳಗಳನ್ನು ತನ್ನತ್ತ ಸೆಳೆಯುವುದರಿಂದ ಆ ಭಾಗ ತುಸು ಬೆಚ್ಚಗಾಗಬಹುದು. ಆ ವ್ಯತ್ಯಾಸವನ್ನು ಪುಟ್ಟ ಕ್ಯಾಮರಾ ಗ್ರಹಿಸುತ್ತದೆ, ಗಣಕಯಂತ್ರ ಪರಿಶೀಲಿಸುತ್ತದೆ. ಯಾರೂ ಮುಟ್ಟುವುದಿಲ್ಲ, ಯಂತ್ರ ಒತ್ತುವುದಿಲ್ಲ, ಕ್ಷಕಿರಣದ ಸೋಂಕಿಲ್ಲ. ಸಾಧನವನ್ನು ಹೊತ್ತೊಯ್ದು ಊರೂರಿನಲ್ಲಿ ಶಿಬಿರ ನಡೆಸಬಹುದು.

ಆದರೆ ತಾಯಂದಿರೇ, ಒಂದು ಎಚ್ಚರಿಕೆಯನ್ನು ಮನಸ್ಸಿನಲ್ಲಿಡಿ. ಉಷ್ಣಚಿತ್ರವು ಮ್ಯಾಮೊಗ್ರಾಂ ಎಂಬ ಕ್ಷಕಿರಣ ಪರೀಕ್ಷೆಗೆ ಬದಲಿಯಲ್ಲವೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2019ರಲ್ಲಿ ಸ್ಪಷ್ಟಪಡಿಸಿತು. ಇಂತಹ ಸಾಧನ ಸಂಶಯವನ್ನು ತೋರಿಸಬಲ್ಲದು. ರೋಗವನ್ನು ಖಚಿತಪಡಿಸುವುದು ಗಂಟಿನ ತುಣುಕನ್ನು ತೆಗೆದು ನೋಡುವ ಪರೀಕ್ಷೆಯೇ. ಕ್ಯಾಮರಾ ಏನೂ ಇಲ್ಲವೆಂದರೂ, ಗಂಟು ಕೈಗೆ ಸಿಕ್ಕಿದರೆ, ಚರ್ಮ ಒಳಸೆಳೆದರೆ, ತೊಟ್ಟಿನಿಂದ ರಕ್ತ ಒಸರಿದರೆ ವೈದ್ಯರ ಬಳಿಗೆ ಹೋಗಲೇಬೇಕು.

ನಮ್ಮ ಪದ್ಮನಾಭನಗರದವರಿಗೆ ದೂರದ ನೆಪವೂ ಇಲ್ಲ. 1973ರಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆಯೂ, ನಮ್ಮ ಧರ್ಮಸಭೆಯ ಸಂತ ಜಾನರ ಆಸ್ಪತ್ರೆಯೂ ಇದೇ ನಗರದಲ್ಲಿವೆ. ಗಂಡಂದಿರೇ, ಮಕ್ಕಳೇ, ಹೋಗಿ ಬಾ ಎಂದರೆ ಸಾಲದು, ಜೊತೆಗೆ ಹೋಗಿರಿ.

ಸ್ತನಗಳನ್ನು ಕತ್ತರಿಸುವ ಚಿತ್ರಹಿಂಸೆಯನ್ನು ವಿಶ್ವಾಸಕ್ಕಾಗಿ ಸಹಿಸಿದ ಸಂತ ಆಗತಮ್ಮನವರನ್ನು ಧರ್ಮಸಭೆ ಈ ರೋಗಿಗಳ ಪಾಲಕಿಯೆಂದು ಗೌರವಿಸುತ್ತದೆ. ಅವರ ಹಬ್ಬ ಫೆಬ್ರವರಿ 5. ಆ ದಿನ ಪ್ರಾರ್ಥಿಸೋಣ. ಪರೀಕ್ಷೆಯನ್ನು ಮಾತ್ರ ಆ ದಿನದವರೆಗೂ ಮುಂದೂಡದಿರೋಣ. ಪ್ರಾರ್ಥನೆ ಹಾಗೂ ಔಷಧ ಒಂದಕ್ಕೊಂದು ವಿರೋಧವಲ್ಲ. ದೇವರು ಕೊಟ್ಟ ದೇಹವನ್ನು ಕಾಪಾಡಿಕೊಳ್ಳುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಪ್ರಭುವಿನ ಆಶೀರ್ವಾದ ನಿಮ್ಮೆಲ್ಲರ ಮನೆಗಳ ಮೇಲಿರಲಿ.