ಸರ್ಟಿಫಿಕೇಟು ಅಂಗಡಿಯ ಗೋಡೆಯಲ್ಲಿ, ಮಗಳು ಮನೆಯಲ್ಲಿ

(ಫಾರ್ಮಸಿ ವಿದ್ಯಾರ್ಥಿಗಳು ಹಾಗೂ ಅವರ ಹೆತ್ತವರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನಾವು ಔಷಧಶಾಸ್ತ್ರ ಕಲಿತವರಲ್ಲ. ಮದ್ರಸದಲ್ಲಿ ಓದಿ, ಆಮೇಲೆ ಕಲಾ ಪದವಿ ಪಡೆದು, ಪತ್ರಿಕೆಗೆ ಬರೆಯುತ್ತಿರುವವರು. ಕ್ಯಾನ್ಸರ್ ಔಷಧಿಗಳಲ್ಲಿ ಪರಿಣತಿ ಪಡೆದ ಫಾರ್ಮಸಿಸ್ಟ್ ಆಗುವುದು ಹೇಗೆ ಎಂಬ ಬಗ್ಗೆ ಮಾತನಾಡಲು ಇವರಿಗೇನು ಅರ್ಹತೆ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಈ ವಿಷಯದ ಕಡೆಗೆ ನಮ್ಮ ಗಮನ ಸೆಳೆದದ್ದು ನಮ್ಮದೇ ವೃತ್ತಿಯ ಒಬ್ಬ ಮಹಿಳೆಯ ಸಾವು.

ಬೆಟ್ಸಿ ಲೇಮನ್ ಅಮೆರಿಕದ 'ಬೋಸ್ಟನ್ ಗ್ಲೋಬ್' ಪತ್ರಿಕೆಯಲ್ಲಿ ಆರೋಗ್ಯದ ಅಂಕಣ ಬರೆಯುತ್ತಿದ್ದರು. ವಯಸ್ಸು 39. ಸ್ತನ ಕ್ಯಾನ್ಸರಿನ ಚಿಕಿತ್ಸೆಗೆ ಅವರು ದಾಖಲಾದದ್ದು ಅದೇ ನಗರದ ಡಾನಾ-ಫಾರ್ಬರ್ ಸಂಸ್ಥೆಯಲ್ಲಿ. ಜಗತ್ತಿನ ಅತ್ಯುತ್ತಮ ಕ್ಯಾನ್ಸರ್ ಆಸ್ಪತ್ರೆಗಳಲ್ಲೊಂದು ಅದು. ಸೈಕ್ಲೋಫಾಸ್ಫಮೈಡ್ ಎಂಬ ಔಷಧಿಯನ್ನು ನಾಲ್ಕು ದಿನಗಳಲ್ಲಿ ಹಂಚಿ ಕೊಡಬೇಕಾಗಿತ್ತು. ನಾಲ್ಕು ದಿನಗಳ ಒಟ್ಟು ಪ್ರಮಾಣವನ್ನೇ ಒಂದು ದಿನದ್ದೆಂದು ತಿಳಿದು ನಾಲ್ಕೂ ದಿನ ಕೊಟ್ಟರು. 1994ರ ಡಿಸೆಂಬರ್ 3ರಂದು ಅವರು ತೀರಿಕೊಂಡರು. ವೈದ್ಯರು ಬರೆದರು, ಔಷಧಿ ವಿಭಾಗದವರು ತಯಾರಿಸಿದರು, ದಾದಿಯರು ಕೊಟ್ಟರು. ಯಾರೂ 'ನಿಲ್ಲಿ' ಎನ್ನಲಿಲ್ಲ. ತಪ್ಪು ಪತ್ತೆಯಾದದ್ದು 1995ರ ಫೆಬ್ರವರಿಯಲ್ಲಿ, ಸಂಶೋಧನೆಯ ದಾಖಲೆಗಳನ್ನು ಪರಿಶೀಲಿಸುವಾಗ.

ಆರೋಗ್ಯದ ಬಗ್ಗೆ ಜನರಿಗೆ ತಿಳಿಹೇಳುತ್ತಿದ್ದವರಿಗೇ ಹೀಗಾಯಿತು. ಅಕ್ಷರ ಬಾರದ ನಮ್ಮ ತಾಯಂದಿರ ಗತಿಯೇನು?

ಕ್ಯಾನ್ಸರ್ ಔಷಧಿಗಳಲ್ಲಿ ಮದ್ದಿಗೂ ವಿಷಕ್ಕೂ ನಡುವಿನ ಅಂತರ ಬಹಳ ಕಿರಿದು. ಹೆಚ್ಚಿನವುಗಳ ಡೋಸನ್ನು ರೋಗಿಯ ಎತ್ತರ ಮತ್ತು ತೂಕದಿಂದ ಲೆಕ್ಕ ಹಾಕುತ್ತಾರೆ. ಮೂತ್ರಪಿಂಡ, ಯಕೃತ್ತಿನ ಸ್ಥಿತಿ ನೋಡಿ ಮತ್ತೆ ತಗ್ಗಿಸುತ್ತಾರೆ. ಡಾಕ್ಸೊರುಬಿಸಿನ್ ಎಂಬುದನ್ನು ಒಬ್ಬ ವ್ಯಕ್ತಿಗೆ ಇಡೀ ಜೀವಮಾನದಲ್ಲಿ ಇಂತಿಷ್ಟೇ ಕೊಡಬಹುದೆಂಬ ಮಿತಿಯಿದೆ. ಮೀರಿದರೆ ಹೃದಯ ಸೋಲುತ್ತದೆ. ಹಾಗಾಗಿ ಹತ್ತು ವರ್ಷದ ಹಿಂದಿನ ಚೀಟಿಯನ್ನೂ ಯಾರಾದರೂ ಹುಡುಕಿ ಓದಬೇಕು. ವಿನ್‌ಕ್ರಿಸ್ಟಿನ್ ರಕ್ತನಾಳಕ್ಕೆ ಕೊಡುವ ಔಷಧಿ. ರಕ್ತ ಕ್ಯಾನ್ಸರಿನ ಮಕ್ಕಳಿಗೆ ಬೆನ್ನುಹುರಿಯ ದ್ರವಕ್ಕೂ ಬೇರೊಂದು ಔಷಧಿ ಕೊಡುವುದುಂಟು. ಎರಡೂ ಸಿರಿಂಜುಗಳು ಒಂದೇ ತಟ್ಟೆಯಲ್ಲಿದ್ದು ಅದಲುಬದಲಾದರೆ ಮಗು ಬದುಕುವುದು ತೀರಾ ಅಪರೂಪ. ವಿನ್‌ಕ್ರಿಸ್ಟಿನನ್ನು ಸಿರಿಂಜಿನಲ್ಲಿಡದೆ ಸಣ್ಣ ಡ್ರಿಪ್ ಚೀಲದಲ್ಲೇ ತಯಾರಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಸೂಚಿಸಿತು. ಚೀಲವನ್ನು ಕಂಡವರು ಅದನ್ನು ಬೆನ್ನಿಗೆ ಚುಚ್ಚಲಾರರು. ಎಷ್ಟು ಸರಳವಾದ ಉಪಾಯ! ಆದರೆ ಅದು ನಮ್ಮ ಊರಿನ ವಾರ್ಡಿಗೆ ತಲುಪಬೇಕಾದರೆ ಅಲ್ಲಿ ಅದನ್ನು ಬಲ್ಲವರೊಬ್ಬರು ಇರಬೇಕಲ್ಲವೇ?

ಅಂಥವರು ಕಾಲೇಜಿನಿಂದ ಸಿದ್ಧರಾಗಿ ಹೊರಬರುವುದಿಲ್ಲ. ಪದವಿ ಬಾಗಿಲು ತೆರೆಯುತ್ತದೆ, ಅಷ್ಟೆ. ಈ ವೃತ್ತಿಯವರು ತಮ್ಮನ್ನು ತಾವೇ ಕಟ್ಟಿಕೊಂಡ ಬಗೆಯನ್ನು ನೋಡಿ. ಕ್ಯಾನ್ಸರ್ ಫಾರ್ಮಸಿಸ್ಟರ ಅಂತಾರಾಷ್ಟ್ರೀಯ ಸಂಘ ಸ್ಥಾಪನೆಯಾದದ್ದು 1995ರಲ್ಲಿ. ಮರುವರ್ಷ ಅಮೆರಿಕದಲ್ಲಿ ಇದನ್ನು ಪ್ರತ್ಯೇಕ ಪರಿಣತಿಯೆಂದು ಅಂಗೀಕರಿಸಲಾಯಿತು. ಪರೀಕ್ಷೆ ಗೆದ್ದು ಪಡೆದ ಪ್ರಮಾಣಪತ್ರವನ್ನು ಅಲ್ಲಿ ಏಳು ವರ್ಷಕ್ಕೊಮ್ಮೆ ನವೀಕರಿಸಬೇಕು. 2004ರಲ್ಲಿ ಅಲ್ಲಿನವರು ತಮ್ಮದೇ ಸಂಘವನ್ನೂ ಕಟ್ಟಿದರು. ಇಂಥ ಸಂಘಕ್ಕೆ ಸೇರಿದ ಕಿರಿಯರು ಮೊದಲ ವರ್ಷ ಸುಮ್ಮನೆ ಕುಳಿತು ಕೇಳುತ್ತಾರೆ. ಮರುವರ್ಷ ತಮ್ಮ ವಾರ್ಡಿನಲ್ಲಿ ಹಿಡಿದ ಒಂದು ತಪ್ಪನ್ನು ಸಮ್ಮೇಳನದಲ್ಲಿ ವಿವರಿಸುತ್ತಾರೆ. ಆಮೇಲೆ ಮಾರ್ಗಸೂಚಿ ಬರೆಯುವ ಸಮಿತಿಯಲ್ಲಿ ಸಣ್ಣ ಕೆಲಸವೊಂದು ಸಿಗುತ್ತದೆ. ಸಂಬಳವಿಲ್ಲದ ಕೆಲಸ. ಆದರೆ ಹಿರಿಯರ ಪರಿಚಯ, ಮುಂದಿನ ಉದ್ಯೋಗ, ಹೊಸ ಔಷಧಿಯ ಅರಿವು ಎಲ್ಲವೂ ಅಲ್ಲಿಂದಲೇ ಬರುತ್ತದೆ.

ಇದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ಇಪ್ಪತ್ತೈದರ ಯುವತಿಯೊಬ್ಬಳು ಐವತ್ತೈದರ ವೈದ್ಯರಿಗೆ ಫೋನ್ ಮಾಡಿ "ಸರ್, ಈ ಡೋಸನ್ನು ಇನ್ನೊಮ್ಮೆ ನೋಡಬೇಕು" ಎನ್ನಲು ಎಷ್ಟು ಧೈರ್ಯ ಬೇಕೆಂದು ಯೋಚಿಸಿ. ಒಂಟಿಯಾಗಿದ್ದರೆ ಆಕೆ ಹಿಂಜರಿಯುತ್ತಾಳೆ. ತನ್ನ ವೃತ್ತಿಯವರೆಲ್ಲ ಸೇರಿ ಬರೆದ ನಿಯಮವೊಂದು ಕೈಯಲ್ಲಿದ್ದರೆ, ಅದನ್ನು ಬರೆಯುವಲ್ಲಿ ತನ್ನ ಪಾಲೂ ಇದ್ದರೆ, ಹಿಂಜರಿಯುವುದಿಲ್ಲ.

ನಮ್ಮ ದೇಶಕ್ಕೂ ಇದು ಹೊಸದಲ್ಲ. ಮಹಾದೇವ ಲಾಲ್ ಶ್ರಾಫ್ ಅವರು 1932ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಫಾರ್ಮಸಿ ಶಿಕ್ಷಣವನ್ನು ಆರಂಭಿಸಿದರು. ಪಾಠ ಹೇಳಿ ಸುಮ್ಮನಾಗದೆ ಸಂಘ ಕಟ್ಟಲು ಓಡಾಡಿದರು. 1939ರಲ್ಲಿ ಭಾರತೀಯ ಫಾರ್ಮಸ್ಯೂಟಿಕಲ್ ಅಸೋಸಿಯೇಶನ್ ಬಂತು, 1948ರಲ್ಲಿ ಫಾರ್ಮಸಿ ಕಾಯ್ದೆ ಬಂತು. ಆರು ವರ್ಷಗಳ ಫಾರ್ಮ್.ಡಿ. ಕೋರ್ಸು 2008ರಲ್ಲಿ ಶುರುವಾಯಿತು. ಈ ಸಭೆಯಲ್ಲಿರುವ ಹಲವರು ಅದನ್ನೇ ಓದುತ್ತಿದ್ದೀರಿ.

ಇನ್ನು ಕಹಿ ಮಾತು. ಹೆಣ್ಣುಮಕ್ಕಳನ್ನು ಫಾರ್ಮಸಿಗೆ ಸೇರಿಸುವುದರಲ್ಲಿ ನಾವು ಹಿಂದೆ ಬಿದ್ದಿಲ್ಲ. ಸಾಲ ಮಾಡಿ ಓದಿಸುತ್ತೇವೆ. ನಿಕಾಹ್ ಮಾತುಕತೆಯಲ್ಲಿ ಪದವಿಯನ್ನು ಒಡವೆಯಂತೆ ತೋರಿಸುತ್ತೇವೆ. ಆಮೇಲೆ? ಸರ್ಟಿಫಿಕೇಟನ್ನು ಯಾರದೋ ಮೆಡಿಕಲ್ ಶಾಪಿಗೆ ತಿಂಗಳ ಬಾಡಿಗೆಗೆ ಕೊಡುತ್ತೇವೆ! ಗೋಡೆಯಲ್ಲಿ ಮಗಳ ಹೆಸರು, ಕೌಂಟರಿನಲ್ಲಿ ಹತ್ತನೇ ತರಗತಿ ಓದಿದ ಹುಡುಗ. ವೈದ್ಯರ ಚೀಟಿಗೆ ಔಷಧಿ ಕೊಡಬೇಕಾದವರು ನೋಂದಾಯಿತ ಫಾರ್ಮಸಿಸ್ಟರೇ ಎಂಬುದು ಕಾನೂನು. ವಾರಕ್ಕೊಮ್ಮೆ ನುಂಗಬೇಕಾದ ಮೆಥೊಟ್ರೆಕ್ಸೇಟ್ ಮಾತ್ರೆಯನ್ನು ಆ ಹುಡುಗ ದಿನಕ್ಕೊಂದು ಎಂದು ಹೇಳಿಕೊಟ್ಟರೆ ಜೀವವೇ ಹೋಗಬಹುದು. ಆಗ ಹೊಣೆ ಯಾರದು? ಬಡ್ಡಿಯ ಹಣ ಹರಾಮ್ ಎಂದು ಮನೆಯಲ್ಲಿ ಎಚ್ಚರಿಸುವ ನಾವು ಈ ಬಾಡಿಗೆಯನ್ನು ಯಾವ ಲೆಕ್ಕದಲ್ಲಿ ಹಲಾಲ್ ಮಾಡಿಕೊಂಡಿದ್ದೇವೆ?

ಕೆಲಸಕ್ಕೆ ಕಳಿಸುವ ಮನೆಗಳೂ ಇವೆ, ಅಲ್ಹಮ್ದುಲಿಲ್ಲಾಹ್. ಆದರೆ ಭಾನುವಾರದ ವೃತ್ತಿ ಸಭೆಗೆ, ಇನ್ನೊಂದು ಊರಿನ ಸಮ್ಮೇಳನಕ್ಕೆ ಎಂದ ಕೂಡಲೇ ಅವೂ ತಡೆಯುತ್ತವೆ. ಮದುವೆಯ ಊಟಕ್ಕೆ ಮೂರು ಜಿಲ್ಲೆ ದಾಟಿ ಇಡೀ ಕುಟುಂಬ ಹೊರಡುತ್ತದೆ. ಮಗಳ ಸಮ್ಮೇಳನಕ್ಕೆ ಜೊತೆಗೆ ಹೋಗಲು ತಂದೆಗೋ ಅಣ್ಣನಿಗೋ ಬಿಡುವಿಲ್ಲವೇ?

ನಾವು ಮದ್ರಸದಲ್ಲಿ ಫರ್ಝ್ ಕಿಫಾಯವನ್ನು ಕಲಿತೆವು. ಸಮಾಜದಲ್ಲಿ ಸಾಕಷ್ಟು ಜನ ಮಾಡಿದರೆ ಉಳಿದವರ ಹೊಣೆ ಕಳೆಯುತ್ತದೆ, ಯಾರೂ ಮಾಡದಿದ್ದರೆ ಪಾಪ ಎಲ್ಲರ ಮೇಲೂ ಬರುತ್ತದೆ. ಉದಾಹರಣೆ ಕೇಳಿದರೆ ಜನಾಝ ನಮಾಝ್ ಎನ್ನುತ್ತಿದ್ದೆವು. ಇಮಾಮ್ ಗಝ್ಝಾಲಿಯವರು 'ಇಹ್ಯಾ ಉಲೂಮುದ್ದೀನ್'ನಲ್ಲಿ ಕೊಡುವ ಉದಾಹರಣೆ ವೈದ್ಯಶಾಸ್ತ್ರದ್ದು. ಎಷ್ಟೋ ಊರುಗಳಲ್ಲಿ ಮುಸ್ಲಿಮ್ ವೈದ್ಯರೇ ಇಲ್ಲ, ಎಲ್ಲರೂ ಫಿಕ್ಹ್‌ನ ತರ್ಕದ ಹಿಂದೆ ಬಿದ್ದಿದ್ದಾರೆ ಎಂದು ಅವರು ಒಂಬತ್ತು ಶತಮಾನಗಳ ಹಿಂದೆಯೇ ನೊಂದುಕೊಂಡಿದ್ದರು. ಜನಾಝ ಬರುವ ಮುಂಚಿನ ಫರ್ಝ್ ಅದು.

ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ ನಿಮಗೆಲ್ಲ ಗೊತ್ತು. 1973ರಿಂದ ರಾಜ್ಯದ ಬಡ ಕ್ಯಾನ್ಸರ್ ರೋಗಿಗಳ ಆಸರೆ ಅದು. ಸ್ವತಂತ್ರ ಭಾರತದ ಮೊದಲ ಸಂಪರ್ಕ ಸಚಿವ ರಫಿ ಅಹ್ಮದ್ ಕಿದ್ವಾಯಿಯವರ ಹೆಸರು ಅದಕ್ಕಿದೆಯೆಂದು ನಾವು ವೇದಿಕೆಗಳಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅಂಥ ಆಸ್ಪತ್ರೆಗಳಲ್ಲಿ ಔಷಧಿ ಪರಿಶೀಲಿಸಬಲ್ಲ ಹುಡುಗಿಯನ್ನು ಮಾತ್ರ ಅಡುಗೆಮನೆಯಲ್ಲೇ ಉಳಿಸಿಕೊಂಡಿದ್ದೇವೆ.

ವಿದ್ಯಾರ್ಥಿಗಳೇ, ಭಾರತೀಯ ಫಾರ್ಮಸ್ಯೂಟಿಕಲ್ ಅಸೋಸಿಯೇಶನ್‌ನಲ್ಲಿ ವಿದ್ಯಾರ್ಥಿಗಳಿಗೂ ವೇದಿಕೆಯಿದೆ. ಕೊನೆಯ ವರ್ಷದವರೆಗೆ ಕಾಯಬೇಡಿ. ಇಂಟರ್ನ್‌ಶಿಪ್ಪಿನಲ್ಲಿ ಕ್ಯಾನ್ಸರ್ ವಾರ್ಡನ್ನು ಕೇಳಿ ಪಡೆಯಿರಿ. ಅಲ್ಲಿ ಕಂಡ ಪ್ರತಿಯೊಂದು ತಪ್ಪನ್ನೂ ತಪ್ಪಿದ ತಪ್ಪನ್ನೂ ರೋಗಿಯ ಹೆಸರಿಲ್ಲದೆ ಬರೆದಿಡಿ. ಸಮ್ಮೇಳನದಲ್ಲಿ ನಿಮ್ಮ ಮೊದಲ ಮಾತು ಆ ಪುಸ್ತಕದಿಂದಲೇ ಹುಟ್ಟುತ್ತದೆ.

ಹೆತ್ತವರಲ್ಲಿ ನಮ್ಮ ಬೇಡಿಕೆ ಒಂದೇ. ಮಗಳ ಸರ್ಟಿಫಿಕೇಟು ಬೇರೆಯವರ ಅಂಗಡಿಯಲ್ಲಿ ತೂಗುತ್ತಿದ್ದರೆ, ನಾಳೆ ಬೆಳಗ್ಗೆ ಹೋಗಿ ಅದನ್ನು ಇಳಿಸಿಕೊಂಡು ಬನ್ನಿ. ವಸ್ಸಲಾಮ್.